ಮುಂದಿನ ಶಾಫ್ಟಿಗೆ ತಟ್ಟು ಇರಲಿಲ್ಲ

ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ನೀರಿನ ಮೋಟಾರಿನಿಂದ. ಗ್ಯಾರೇಜಿನ ಹಿಂದೆ ಬೋರಿನ ಮೋಟಾರು ಹಚ್ಚಿ ಕುಳಿತಿದ್ದರು. ಟಾಕಿ ತುಂಬಿ, ನೀರು ಹೊರಗೆ ಸುರಿದು, ನೆಲದ ಮೇಲೆ ಹರಿದು ಅವರ ಚಪ್ಪಲಿಯ ತನಕ ಬಂದಿತ್ತು. ನಾಲ್ಕು ಮಾರು ದೂರದಲ್ಲಿ ಮೋಟಾರು ಗುಂಯ್ ಅನ್ನುತ್ತಿದೆ, ಇವರು ಚಹಾ ಕುಡಿಯುತ್ತಿದ್ದಾರೆ. ಕಾಲಿಗೆ ತಂಪು ತಗುಲಿದ ಮೇಲೆ ಎದ್ದರು. ನಾನು ಬಟ್ಟೆ ಒಣಗಹಾಕುತ್ತ ಎಲ್ಲ ನೋಡಿದೆ. ಕಣ್ಣು ಹೋದವನನ್ನು ಜನ ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ಗೇರ್‌ಬಾಕ್ಸಿನ ಮಿಸ್ತ್ರಿಗೆ ಕಿವಿ ಹೋಯಿತು ಅಂದರೆ ಗಾಡಿ ಮುಂದಿನ ಗ್ಯಾರೇಜಿಗೆ ಹೋಗುತ್ತದೆ.

ನಾವು ಬೀದರ ಕಡೆಯವರು. ಮದುವೆಯಾದ ವರ್ಷವೇ ನಾಶಿಕಕ್ಕೆ ಬಂದು, ಆಡಗಾಂವದ ಕಡೆ ಹೆದ್ದಾರಿಗೆ ಹೊಂದಿ ತಗಡಿನ ಶೆಡ್ಡು ಹಾಕಿದೆವು. ಹಿಂದೆ ಎರಡು ಖೋಲಿ. ಇಂಜಿನ್ನಿನ ಕೆಲಸ ನಾವು ಹಿಡಿಯುವುದಿಲ್ಲ. ಇಂಜಿನ್ನಿನಿಂದ ಹಿಂದಕ್ಕೆ, ಚಕ್ರದ ತನಕ ಏನಿದೆಯೋ ಅಷ್ಟು ನಮ್ಮದು: ಕ್ಲಚ್ಚು, ಗೇರ್‌ಬಾಕ್ಸು, ಅಲ್ಲಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟು, ಹಿಂದಿನ ಅಚ್ಚಿನ ನಡುವೆ ಗಡಿಗೆಯ ಹಾಗೆ ಉಬ್ಬಿಕೊಂಡ ಕ್ರೌನು. ಬಿಚ್ಚುವುದು ಅವರ ಕೆಲಸ, ತೊಳೆಯುವುದು ನನ್ನದು. ಬಿಚ್ಚಿದ ಸಾಮಾನನ್ನೆಲ್ಲ ಡೀಸೆಲ್ಲಿನ ಪರಾತದಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ, ಬಿಚ್ಚಿದ ಕ್ರಮದಲ್ಲೇ ಗೋಣಿಯ ಮೇಲೆ ಹರವಬೇಕು. ಒಂದು ವಾಷರು ಹಿಂದುಮುಂದಾದರೂ ಬೈಗುಳ. ನಾನು ಸಾಲೆ ಕಲಿತದ್ದು ಮೂರನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಆದರೆ ಯಾವ ಹಲ್ಲು ತಿಂದಿದೆ, ಯಾವ ಬೇರಿಂಗು ಸುಟ್ಟಿದೆ ಎಂದು ಬೆರಳಿಗೆ ತಿಳಿಯುತ್ತದೆ. ಮೂವತ್ತೆಂಟು ವರ್ಷ ತೊಳೆದರೆ ಕತ್ತೆಗೂ ತಿಳಿದೀತು.

ಗಾಡಿಯ ರೋಗ ಹಿಡಿಯಬೇಕಾದದ್ದು ಬಿಚ್ಚುವ ಮೊದಲು. ಬಿಚ್ಚಿದ ಮೇಲೆ ಯಾರು ಬೇಕಾದರೂ ಹಿಡಿಯುತ್ತಾರೆ. ಗಾಡಿ ನಿಂತಾಗ ಸಪ್ಪಳ ಇದ್ದು, ಕ್ಲಚ್ಚು ತುಳಿದ ಕೂಡಲೇ ನಿಂತರೆ ಗೇರ್‌ಬಾಕ್ಸಿನ ಬಾಯಿಯ ಬೇರಿಂಗು. ಕ್ಲಚ್ಚು ಬಿಟ್ಟು ಹೊರಡುವಾಗ ಟಣ್ ಅಂತ ಒದ್ದರೆ ಶಾಫ್ಟಿನ ಕ್ರಾಸು. ಕ್ರಾಸು ಅಂದರೆ ಶಾಫ್ಟಿನ ತುದಿಗೆ ಮಣಿಕಟ್ಟಿನ ಹಾಗೆ ಮಡಚುವ ಕೀಲು. ರೇಸು ಕೊಟ್ಟಾಗ ಅತ್ತು, ಬಿಟ್ಟಾಗ ಸುಮ್ಮನಾದರೆ ಕ್ರೌನಿನ ಹಲ್ಲು. ಇನ್ನೊಂದು ಇದೆ. ಓಡುವ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ತಾನಾಗಿ ಉರುಳಲು ಬಿಡಬೇಕು. ಆಗಲೂ ಸಪ್ಪಳ ಹಾಗೇ ಉಳಿದರೆ ಅದು ಗೇರಿನದಲ್ಲ, ಚಕ್ರದ ಜೊತೆ ತಿರುಗುವ ಯಾವುದರದ್ದೋ. ಇಷ್ಟು ಗೊತ್ತಿದ್ದವನು ಅರ್ಧ ಮಿಸ್ತ್ರಿ. ಉಳಿದ ಅರ್ಧ ಕಿವಿ. ನಮ್ಮ ಮನೆಯವರ ಹೆಸರು ನಡೆದದ್ದೇ ಆ ಅರ್ಧದ ಮೇಲೆ. ಗಾಡಿಯಲ್ಲಿ ಒಮ್ಮೆ ಕುಳಿತು ಬಂದರೆ ಸಾಕು, ಇಳಿಯುವಾಗ ರೋಗದ ಹೆಸರು ಹೇಳಿ ಇಳಿಯುತ್ತಾರೆ ಎಂದು ಮುಂಬಯಿ ದಾರಿಯ ಘೋಟಿಯ ತನಕ ಡ್ರೈವರುಗಳು ಹೇಳುತ್ತಿದ್ದರು.

ಮೋಟಾರಿನ ಸಂಗತಿಯಾದ ಮೇಲೆ ನಾಲ್ಕು ದಿನ ಬಿಟ್ಟು ಕೇಳಿದೆ. ಕಿವಿಯಲ್ಲಿ ಧೂಳು ಕೂತಿದೆ, ಗುಗ್ಗೆ ತೆಗೆಸಿದರೆ ಸರಿಹೋಗುತ್ತದೆ ಅಂದರು. ತೆಗೆಸಿದೆವು. ಸರಿಹೋಗಲಿಲ್ಲ. ಡಾಕ್ಟರು ಮಷಿನು ಹಾಕಿಕೊಳ್ಳಿ ಅಂದರು. ಕಿವಿಗೆ ಮಷಿನು ಸಿಕ್ಕಿಸಿಕೊಂಡ ಮಿಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ ಎಂದು ಇವರು ಮನೆಗೆ ಬಂದು ನನ್ನನ್ನು ಕೇಳಿದರು.

ಆಮೇಲೆ ನಾವು ಮಾಡಿಕೊಂಡ ವ್ಯವಸ್ಥೆ ಇದು. ಗಾಡಿ ಪರೀಕ್ಷೆಗೆ ಪಿಂಪಳಗಾಂವದ ಕಡೆ ಹೊರಟರೆ ಗಿರಾಕಿ ಓಡಿಸುತ್ತಾನೆ, ಇವರು ಪಕ್ಕದಲ್ಲಿ ಕೂಡುತ್ತಾರೆ, ನಾನು ಇವರ ಹಿಂದೆ. ಯಾಕೆ ಅಂದರೆ ನನಗೆ ಪಿಂಪಳಗಾಂವದ ಸಂತೆಯಲ್ಲಿ ಉಳ್ಳಾಗಡ್ಡಿ ಕೊಳ್ಳಬೇಕು. ಮುದುಕಿ ಉಳ್ಳಾಗಡ್ಡಿಗೆ ಬರುತ್ತೇನೆ ಅಂದರೆ ಯಾರು ಬೇಡ ಅನ್ನುತ್ತಾರೆ? ಸೀಟಿನ ಬೆನ್ನು ಹಿಡಿದ ಹಾಗೆ ಕೈ ಇಟ್ಟು, ಬೆರಳಿನಿಂದ ಅವರ ಭುಜಕ್ಕೆ ತಟ್ಟುತ್ತಿದ್ದೆ. ಒಂದು ತಟ್ಟು ಗೇರ್‌ಬಾಕ್ಸು. ಎರಡು ಶಾಫ್ಟು. ಮೂರು ಕ್ರೌನು. ಇಳಿಯುವಾಗ ಅವರು ರೋಗದ ಹೆಸರು ಹೇಳಿ ಇಳಿಯುತ್ತಿದ್ದರು, ಮೊದಲಿನ ಹಾಗೆಯೇ. ಗಿರಾಕಿಗಳ ಮಾತು ಕೇಳಿಸದೆ ಇದ್ದುದರಿಂದ ಹೆಚ್ಚು ಮಾತಾಡುತ್ತಿರಲಿಲ್ಲ. ವಯಸ್ಸಾದ ಮೇಲೆ ಉಸ್ತಾದರು ಇನ್ನೂ ಗಂಭೀರ ಆದರು, ಒಂದೇ ಮಾತು, ಅದೂ ಸರಿ ಎಂದು ಜನ ಅದಕ್ಕೂ ಹೊಗಳಿದರು.

ಎರಡು ವರ್ಷ ಹೀಗೆ ನಡೆಯಿತು. ಮನೆಯಲ್ಲಿ ಉಳ್ಳಾಗಡ್ಡಿ ಕೊಳೆಯುವಷ್ಟಾಯಿತು. ನನಗೆ ಈ ಕಳ್ಳಾಟದಲ್ಲಿ ಖುಷಿಯೇನೂ ಇರಲಿಲ್ಲ. ಬಿಸಿಲಲ್ಲಿ ಕಾದ ಗಾಡಿಗೆ ಮೊಣಕಾಲು ಹಿಡಿದು ಹತ್ತುವುದು, ಇಳಿಯುವುದು, ಬಂದು ತೊಳೆಯುವುದು, ಆಮೇಲೆ ರೊಟ್ಟಿ ಬಡಿಯುವುದು. ಮೊದಲ ವರ್ಷ ಮುಗಿದಾಗ ಒಮ್ಮೆ ಸಾಕು ಅಂದಿದ್ದೆ. "ಇನ್ನ ಒಂದ್ ವರ್ಷ ನಡಸು. ಆಮ್ಯಾಲ ಶೆಡ್ ಮುಚ್ಚೂಣು," ಅಂದರು. ಆ ಒಂದು ವರ್ಷವೂ ಮುಗಿದಿತ್ತು.

ಆಗ ಹೋಟೆಲಿನವರೊಬ್ಬರ ಗಾಡಿ ಬಂತು. ಅವರು ಕರಾವಳಿಯವರು. ನಾಶಿಕದಲ್ಲಿ ಒಂದು, ಸಂಭಾಜಿನಗರದಲ್ಲಿ ಒಂದು ಸಸ್ಯಾಹಾರಿ ಹೋಟೆಲು. ಸಂಭಾಜಿನಗರ ಅಂತ ಬರೆಯುತ್ತೇನೆ, ನನ್ನ ಬಾಯಿಗೆ ಇನ್ನೂ ಔರಂಗಾಬಾದೇ ಬರುತ್ತದೆ. ವಾರಕ್ಕೊಮ್ಮೆ ಎರಡೂ ಊರಿನ ನಡುವೆ ಓಡಾಡುತ್ತಾರೆ. ಅವರ ಕನ್ನಡ ಪುಸ್ತಕ ಓದಿದ ಹಾಗೆ, ನಮ್ಮದು ಜಗಳಾಡಿದ ಹಾಗೆ ಎಂದು ಅವರೇ ನಗುತ್ತಾರೆ. ಗಾಡಿ ಹಳೆಯ ಮಾದರಿಯದು, ಎತ್ತರದ್ದು. ಹಿಂದಿನ ಎರಡು ಚಕ್ರದ ಮೇಲೆ ಓಡುತ್ತದೆ. ಕೆಸರು ಬಂದರೆ ಗೇರಿನ ಪಕ್ಕದ ಸಣ್ಣ ಲಿವರು ಎಳೆದು ನಾಲ್ಕೂ ಚಕ್ರಕ್ಕೆ ಜೋರು ಕೊಡಬಹುದು. ಖುಲ್ತಾಬಾದಿನ ಆಚೆಯ ಒಂದು ಹಳ್ಳಿಯಿಂದ ಹೋಟೆಲಿಗೆ ಹಾಲು, ಖೋವಾ ತರಲು ಅಂಥ ಗಾಡಿ ಬೇಕು ಎಂದು ತೆಗೆದುಕೊಂಡಿದ್ದರು. ಐವತ್ತರ ವೇಗ ದಾಟಿದರೆ ಅಡಿಯಿಂದ ಗುರ್ರ್ ಅಂತ ಒಂದು ಶಬ್ದ, ಪಾದಕ್ಕೆ ನಡುಕ. ಇದು ಅವರ ದೂರು.

ಹೋದೆವು. ಅವರು ಓಡಿಸಿದರು, ಇವರು ಪಕ್ಕದಲ್ಲಿ, ನಾನು ಹಿಂದೆ. ಸಪ್ಪಳ ನನಗೆ ಚೆನ್ನಾಗಿ ಕೇಳಿಸಿತು. ಜೋಳ ಬೀಸುವ ಕಲ್ಲಿನ ಹಾಗೆ, ಒಂದೇ ಸಮನೆ. ಇವರು ಕೈಸನ್ನೆ ಮಾಡಿ ಕ್ಲಚ್ಚು ತುಳಿಸಿದರು, ರೇಸು ಬಿಡಿಸಿದರು, ನ್ಯೂಟ್ರಲ್ಲಿಗೆ ತರಿಸಿ ಉರುಳಲು ಬಿಡಿಸಿದರು. ಸಪ್ಪಳ ಹಾಗೇ ಇತ್ತು. ಹಾಗಾದರೆ ಗೇರ್‌ಬಾಕ್ಸು ಅಲ್ಲ. ಹೊರಡುವಾಗ ಒದೆತ ಇಲ್ಲ, ಹಾಗಾದರೆ ಶಾಫ್ಟು ಅಲ್ಲ. ನಾನು ಕೂತದ್ದು ಹಿಂದಿನ ಸೀಟಿನಲ್ಲಿ, ಸಪ್ಪಳ ನನ್ನ ಸೀಟಿನ ಅಡಿಯಲ್ಲೇ ತಗಡಿಗೆ ಬಡಿಯುತ್ತಿತ್ತು. ಒಂದಲ್ಲ, ಎರಡಲ್ಲ, ಉಳಿದದ್ದು ಮೂರು. ಮೂರು ಸಲ ತಟ್ಟಿದೆ. "ಕ್ರೌನ್," ಎಂದು ಇವರು ಇಳಿದರು.

ಬಿಚ್ಚಿದರು. ನಾನು ತೊಳೆದೆ. ಹಲ್ಲು ನುಣುಪಾಗಿದ್ದವು, ಎಣ್ಣೆಯಲ್ಲಿ ಚೂರು ಕಬ್ಬಿಣವೂ ಇರಲಿಲ್ಲ. ಒಂದು ಬೇರಿಂಗು ಮಾತ್ರ ಸ್ವಲ್ಪ ಸವೆದಿತ್ತು. ಅಷ್ಟು ಸವೆತಕ್ಕೆ ಅಂಥ ಸಪ್ಪಳ ಬರುವುದಿಲ್ಲ ಎಂದು ಬೆರಳು ಹೇಳಿತು. ಗೋಣಿಯ ಮೇಲೆ ಇಟ್ಟು ಇವರ ಮುಖ ನೋಡಿದೆ. ಇವರೂ ನನ್ನ ಮುಖ ನೋಡಿದರು. ಬೇರಿಂಗು ಹೊಸದು ಹಾಕಿ ಮುಚ್ಚಿದೆವು. ಅವತ್ತು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಾರಣ ಏನೂ ದೊಡ್ಡದಲ್ಲ, ಸಂಜೆಯಾಗಿತ್ತು, ಬೆನ್ನು ನೋಯುತ್ತಿತ್ತು.

ಮೂರನೇ ದಿನ ಸಂಭಾಜಿನಗರದಿಂದ ಹೋಟೆಲಿನವರ ಫೋನು ಬಂತು. ಫೋನು ಯಾವಾಗಲೂ ನಾನೇ ಎತ್ತುವುದು.

"ಅಮ್ಮ, ಶಬ್ದ ಹಾಗೇ ಉಂಟು ಮಾರಾಯ್ರೆ. ಬೇಸರ ಮಾಡ್ಬೇಡಿ, ನಾನು ಯಜಮಾನ್ರನ್ನ ದೂರುವುದಲ್ಲ. ಇಲ್ಲಿ ಒಬ್ಬರ ಗ್ಯಾರೇಜಿಗೆ ತಂದಿದ್ದೇನೆ, ಅವರು ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರೆ. ನಿಮ್ಮ ಯಜಮಾನ್ರ ಶಿಷ್ಯ ಅಂತೆ. ಉಸ್ತಾದ್ ಕ್ರೌನ್ ಅಂದಿದ್ರೆ ಅವರನ್ನು ಕೇಳದೆ ನಾನು ಕೈ ಹಾಕುವುದಿಲ್ಲ ಅಂತ ಕೂತಿದ್ದಾರೆ. ಯಜಮಾನ್ರಿಗೆ ಒಮ್ಮೆ ಇಲ್ಲಿಗೆ ಬರ್ಲಿಕ್ಕೆ ಆದೀತಾ?"

ಆ ಶಿಷ್ಯ ನಮ್ಮ ಶೆಡ್ಡಿನಲ್ಲಿ ಎಂಟು ವರ್ಷ ಕೆಲಸ ಕಲಿತವನು. ಮರಾಠಿಯವನು, ನನ್ನ ಅಡಿಗೆಮನೆಯಲ್ಲಿ ಉಂಡು ಉಂಡು ನಮ್ಮ ಕನ್ನಡ ಕಲಿತ. ಈಗ ಐವತ್ತರ ಹತ್ತಿರ ಬಂದಿದ್ದಾನೆ, ಸಂಭಾಜಿನಗರದಲ್ಲಿ ಸ್ವಂತ ಗ್ಯಾರೇಜು, ಗಾಡಿಯನ್ನು ಎತ್ತಿ ಹಿಡಿಯುವ ಲಿಫ್ಟು, ಆರು ಜನ ಕೆಲಸದವರು. ಗಟ್ಟಿಯಾಗಿ ಎರಡು ಸಲ ಹೇಳಿದ ಮೇಲೆ ಇವರಿಗೆ ವಿಷಯ ತಿಳಿಯಿತು. ಬೇರೆ ಯಾರದಾದರೂ ಗ್ಯಾರೇಜಾಗಿದ್ದರೆ ಇವರು ಹೋಗುತ್ತಿರಲಿಲ್ಲ, ಏನೋ ನೆಪ ಹೇಳುತ್ತಿದ್ದರು. ತಾನು ಕಲಿಸಿದವನ ಎದುರಿಗೆ ತಪ್ಪಿಸಿಕೊಂಡರೆ ಸತ್ತ ಹಾಗೆ ಅಂದುಕೊಂಡರು. ಅಂಗಿ ಬದಲಿಸಿ ಬಂದರು.

ಎಸ್‌ಟಿ ಬಸ್ಸಿನಲ್ಲಿ ಹೋದೆವು. ಸುಮಾರು ಐದು ತಾಸು. ಯೇವಲೆ ದಾಟಿದ ಮೇಲೆ ಇವರು ಕೇಳಿದರು, ಅಲ್ಲಿ ಹೇಗೆ ತಟ್ಟುತ್ತಿ ಎಂದು. ಅಲ್ಲಿಯೂ ಗಾಡಿ ಓಡಿಸಿ ನೋಡುತ್ತಾರೆ, ಹಿಂದೆ ಕೂಡುತ್ತೇನೆ ಎಂದು ಕಿವಿಗೆ ಬಾಯಿ ಹಚ್ಚಿ ಅಂದೆ. ಸಂಭಾಜಿನಗರದಲ್ಲಿ ಯಾವ ಉಳ್ಳಾಗಡ್ಡಿ ಎಂದು ಅವರು ಕೇಳಲಿಲ್ಲ. ನನಗೂ ಹೊಳೆದಿರಲಿಲ್ಲ.

ಗ್ಯಾರೇಜಿಗೆ ಹೋದಾಗ ಗಾಡಿ ಆಗಲೇ ಲಿಫ್ಟಿನ ಮೇಲೆ ಇತ್ತು, ನಾಲ್ಕೂ ಚಕ್ರ ಗಾಳಿಯಲ್ಲಿ. ಶಿಷ್ಯ ಬಂದು ಇವರ ಕಾಲು ಮುಟ್ಟಿದ, ನನ್ನದೂ ಮುಟ್ಟಿದ. ಕಾಕು, ಅಂದರೆ ಚಿಕ್ಕಮ್ಮ, ದಪ್ಪ ಆಗಿದ್ದೀರಿ ಅಂದ. ನಿನ್ನ ತಲೆ ಬೊಕ್ಕ ಆಗಿದೆ ಅಂದೆ. ಚಹಾ ಬಂತು. ಹೋಟೆಲಿನವರು ಬಿಳಿ ಅಂಗಿ ಹಾಕಿಕೊಂಡು, ಎಣ್ಣೆ ತಾಗದ ಹಾಗೆ ಒಂದು ಮೂಲೆಗೆ ನಿಂತಿದ್ದರು. ಶಿಷ್ಯ ಇಂಜಿನ್ನು ಚಾಲು ಮಾಡಿಸಿ, ಒಬ್ಬನನ್ನು ಮೇಲೆ ಕೂಡಿಸಿ, ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿದ. ಆಮೇಲೆ ಮೊಳದುದ್ದದ ಪೇಚಕಸ್, ಅಂದರೆ ಸ್ಕ್ರೂಡ್ರೈವರು, ತಂದ. ಪೇಚಕಸ್ಸಿನ ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿದರೆ ಒಳಗಿನ ಸಪ್ಪಳ ಡಾಕ್ಟರ ನಳಿಗೆಯಲ್ಲಿ ಕೇಳಿದ ಹಾಗೆ ಕೇಳುತ್ತದೆ. ಇವರೇ ಅವನಿಗೆ ಕಲಿಸಿದ್ದು. ಅವನು ಅದನ್ನು ಎರಡೂ ಕೈಯಿಂದ ಇವರ ಕೈಗೆ ಕೊಟ್ಟ.

"ಉಸ್ತಾದ್, ನೀವ ಹೇಳ್ರಿ. ನನಗ ಗೇರ್‌ಬಾಕ್ಸ್ ಗುನಗುನ ಅಂದಂಗ ಆಗ್ತದ, ಆದ್ರ ಖಾತ್ರಿ ಇಲ್ಲ. ನೀವು ಹ್ಞೂಂ ಅಂದ್ರ ಈಗಿಂದೀಗ ಇಳಸ್ತೀನಿ."

ಇವರಿಗೆ ಮಾತು ಕೇಳಿಸದಿದ್ದರೂ ಏನು ಮಾಡಬೇಕೆಂದು ಗೊತ್ತಿತ್ತು. ಪೇಚಕಸ್ ಹಿಡಿದು ಗಾಡಿಯ ಕೆಳಗೆ ಹೋದರು. ಗೇರ್‌ಬಾಕ್ಸಿಗೆ ಹಚ್ಚಿ ಕಣ್ಣು ಮುಚ್ಚಿದರು. ಶಾಫ್ಟಿನ ತುದಿ, ಕ್ರೌನು, ಮತ್ತೆ ಗೇರ್‌ಬಾಕ್ಸು. ಕೆಲಸದವರೂ ಬಂದು ಸುತ್ತ ನಿಂತರು, ಉಸ್ತಾದರ ಉಸ್ತಾದರು ಹೇಗೆ ಹಿಡಿಯುತ್ತಾರೆ ನೋಡೋಣ ಎಂದು. ನಾನು ಎಂಟು ಹೆಜ್ಜೆ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇದ್ದೆ. ತಟ್ಟಲು ಭುಜ ನನ್ನ ಕೈಗೆ ಸಿಗುವ ಹಾಗಿರಲಿಲ್ಲ. ಅವರ ಮುಖ ನನಗೆ ಗೊತ್ತು. ಏನೂ ಕೇಳಿಸುತ್ತಿರಲಿಲ್ಲ. ಹೊರಗೆ ಬಂದರು, ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡರು.

"ಗೇರ್‌ಬಾಕ್ಸ್," ಅಂದರು.

ಊಹೆಯ ಮಾತು. ಕ್ರೌನು ಅಲ್ಲ ಎಂದು ಆಗಲೇ ಗೊತ್ತಾಗಿತ್ತು, ಶಿಷ್ಯನ ಕಣ್ಣು ಗೇರ್‌ಬಾಕ್ಸಿನ ಮೇಲೆ ಇತ್ತು, ಅದನ್ನೇ ಅಂದರು. ಶಿಷ್ಯ ಕೆಲಸದವರಿಗೆ ಬೋಲ್ಟು ಬಿಚ್ಚುವ ಪಾನಾ ತರಲು ಹೇಳಿದ. ಗುರು ಅಂದ ಮೇಲೆ ಅವನು ಇನ್ನೊಮ್ಮೆ ಕೇಳುವವನಲ್ಲ. ಎರಡು ದಿನದ ಬಿಚ್ಚುವ ಕೆಲಸ, ಒಳಗೆ ಏನೂ ಸಿಗುವುದಿಲ್ಲ. ಅದನ್ನೂ ಮುಚ್ಚಿ, ಗಾಡಿ ಮತ್ತೆ ಗುರ್ರ್ ಅನ್ನುತ್ತ ನಾಶಿಕಕ್ಕೆ ಬರುತ್ತದೆ. ಅಲ್ಲಿಗೆ ಇವರ ಹೆಸರು ಪೂರ್ತಿ ಮುಗಿಯುತ್ತದೆ. ಬಾಯಿ ಬಿಟ್ಟರೆ ಈಗಲೇ ಮುಗಿಯುತ್ತದೆ. ಕುರ್ಚಿಯಿಂದ ಏಳಲು ನನಗೆ ಸ್ವಲ್ಪ ಹೊತ್ತು ಬೇಕು. ಏಳುವಷ್ಟು ಹೊತ್ತು ಯೋಚನೆ ಮಾಡಿದೆ.

"ತಡೀರಿ," ಅಂದೆ. "ಅವ್ರಿಗೆ ಕಿವಿ ಕೇಳ್ಸಂಗಿಲ್ಲ. ಎರಡ್ ವರ್ಷ ದಾಟ್ತು. ಇಷ್ಟ್ ದಿನಾ ಗಾಡಿ ಕೇಳ್ತಿದ್ದಾಕಿ ನಾನು. ಆ ಪೇಚಕಸ್ ನನಗ ಕೊಡ್ರಿ."

ಇವರಿಗೆ ನಾನು ಅಂದದ್ದು ಕೇಳಲಿಲ್ಲ. ಶಿಷ್ಯನೂ ಹೋಟೆಲಿನವರೂ ಒಟ್ಟಿಗೆ ತಿರುಗಿ ಅವರನ್ನು ನೋಡಿದರು, ಅದರಿಂದ ಗೊತ್ತಾಯಿತು. ನನ್ನ ಕಡೆ ತಿರುಗಿ, "ಹೇಳಿದ್ಯಾ?" ಅಂದರು. ಹ್ಞೂಂ ಎಂದು ತಲೆ ಹಾಕಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಪೇಚಕಸ್ಸನ್ನು ತಿರುಗಿಸಿ, ಹಿಡಿಕೆ ನನ್ನ ಕಡೆ ಮಾಡಿ, ಮುಖ ನೋಡದೆ ಚಾಚಿದರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಕೆಳಗೆ ಹೋದೆ. ಕೆಲಸದವರಲ್ಲಿ ಒಬ್ಬ ನಕ್ಕ, ಶಿಷ್ಯ ಅವನ ಕಡೆ ಕಣ್ಣು ಬಿಟ್ಟ. ಗೇರ್‌ಬಾಕ್ಸಿಗೆ ಹಚ್ಚಿದೆ. ಒಳಗೆ ಎಣ್ಣೆಯಲ್ಲಿ ಹಲ್ಲು ತಿರುಗುವ ಸಹಜವಾದ ಸಪ್ಪಳ, ಬೇರೇನೂ ಇಲ್ಲ. ಶಿಷ್ಯ ಗುನಗುನ ಅಂದದ್ದು ಅದೇ. ಶಾಫ್ಟಿಗೆ ಹಚ್ಚಿದೆ, ಕ್ರೌನಿಗೆ ಹಚ್ಚಿದೆ. ನಾಶಿಕದಲ್ಲಿ ನನ್ನ ಸೀಟಿನ ಅಡಿಯಲ್ಲಿ ಬೀಸುತ್ತಿದ್ದ ಆ ಕಲ್ಲು ಎಲ್ಲಿಯೂ ಇರಲಿಲ್ಲ. ರೇಸು ಹೆಚ್ಚಿಸಲು ಹೇಳಿ ಇನ್ನೊಮ್ಮೆ ಎಲ್ಲ ಕಡೆ ಕೇಳಿದೆ.

"ಇಲ್ಲಿ ಸಪ್ಪಳಾನೇ ಇಲ್ಲ," ಅಂದೆ.

ಉಸ್ತಾದರಿಗೆ ಗೇರ್‌ಬಾಕ್ಸಿನಲ್ಲಿ ಕೇಳಿತಲ್ಲ ಎಂದು ಶಿಷ್ಯ ಮೆಲ್ಲಗೆ ಅಂದ. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ, ನಂಬುವುದು ಅವನಿಗೆ ಬೇಡವೂ ಆಗಿತ್ತು.

"ಅವ್ರಿಗೂ ಏನೂ ಕೇಳಿಲ್ಲ, ನನಗೂ ಏನೂ ಕೇಳಿಲ್ಲ. ಆದ್ರ ನನಗ ಕೇಳಿಲ್ಲಂದ್ರ ಅಲ್ಲಿ ಇಲ್ಲಂತ ಅರ್ಥ," ಅಂದೆ.

ಇಷ್ಟೇ ಆಗಬೇಕಾಗಿತ್ತು. ಗಾಡಿಯ ಕೆಳಗೆ ಯಾರಾದರೂ ನಿಂತು, ಇಲ್ಲಿ ಸಪ್ಪಳ ಇಲ್ಲ ಎಂದು ಹೇಳಬೇಕಾಗಿತ್ತು. ಶಿಷ್ಯ ಅನ್ನಲಿಲ್ಲ, ಗುರುವಿಗೆ ಕೇಳುವುದು ತನಗೆ ಕೇಳುತ್ತಿಲ್ಲ ಅಂದುಕೊಂಡ. ಇವರು ಅನ್ನಲಿಲ್ಲ, ಕೇಳಿಸಲಿಲ್ಲ ಎಂಬ ಮಾತನ್ನೇ ಎರಡು ವರ್ಷದಿಂದ ನುಂಗಿಕೊಂಡು ಬಂದಿದ್ದರು. ಕಿವಿ ಚೆನ್ನಾಗಿದ್ದವನು ಆ ಮಾತನ್ನು ಸಲೀಸಾಗಿ ಅನ್ನುತ್ತಾನೆ. ಇಬ್ಬರೂ ಅನ್ನದೆ ಗೇರ್‌ಬಾಕ್ಸು ಬಿಚ್ಚಲು ಹೊರಟಿದ್ದರು.

ಆಮೇಲಿನದು ಕಿವಿಯ ಕೆಲಸ ಅಲ್ಲ, ಲೆಕ್ಕದ ಕೆಲಸ. ರಸ್ತೆಯ ಮೇಲೆ ಸಪ್ಪಳ ಇದೆ. ಇಲ್ಲಿ ಗಾಳಿಯಲ್ಲಿ ಇಲ್ಲ. ಇಲ್ಲಿ ಇಂಜಿನ್ನು ತಿರುಗುತ್ತಿದೆ, ಗೇರು ತಿರುಗುತ್ತಿದೆ, ಶಾಫ್ಟು, ಕ್ರೌನು, ಹಿಂದಿನ ಚಕ್ರ ಎಲ್ಲ ತಿರುಗುತ್ತಿವೆ. ಹಾಗಾದರೆ ರಸ್ತೆಯಲ್ಲಿ ತಿರುಗಿ ಇಲ್ಲಿ ತಿರುಗದೆ ಇರುವುದು ಯಾವುದು? ಮುಂದೆ ನೋಡಿದೆ. ಮುಂದಿನ ಎರಡು ಚಕ್ರ ಅಲುಗದೆ ನಿಂತಿದ್ದವು. ಅವುಗಳಿಂದ ಗಾಡಿಯ ನಡುವಿನ ತನಕ ಒಂದು ಸಣ್ಣ ಶಾಫ್ಟು ಬರುತ್ತದೆ, ನಾಲ್ಕೂ ಚಕ್ರ ಜೋಡಿಸುವಾಗ ಬೇಕಾಗುವುದು. ಅದೂ ನಿಂತಿತ್ತು. ಎರಡು ವರ್ಷ ನಾನು ಒಂದು, ಎರಡು, ಮೂರು ಎಂದು ತಟ್ಟಿದವಳು. ಮುಂದಿನ ಶಾಫ್ಟಿಗೆ ನಮ್ಮಲ್ಲಿ ತಟ್ಟೇ ಇರಲಿಲ್ಲ. ನಮ್ಮ ಶೆಡ್ಡಿಗೆ ಬರುವ ಗಾಡಿಗಳಿಗೆ ಮುಂದಿನ ಶಾಫ್ಟು ಇರುವುದಿಲ್ಲ. ಮುಂದಿನ ಸಪ್ಪಳವನ್ನು ತಗಡು ನನ್ನ ಸೀಟಿನ ಅಡಿಗೆ ತಂದಿತ್ತು, ತಟ್ಟಿಲ್ಲದ ಜಾಗದಲ್ಲಿ ರೋಗ ಇದ್ದೀತೆಂದು ತಲೆಗೇ ಬರಲಿಲ್ಲ.

ಮುಂದಿನ ಶಾಫ್ಟು ಎಂದು ಬೆರಳು ಮಾಡಿ ತೋರಿಸಿದೆ. ಶಿಷ್ಯ ತಲೆ ಅಲ್ಲಾಡಿಸಿದ. ಸಣ್ಣ ಲಿವರು ಹಾಕಿಲ್ಲ ಕಾಕು, ಲಿವರು ಹಾಕದೆ ಮುಂದಿನದು ತಿರುಗುವುದಿಲ್ಲ ಅಂದ. ಅವನ ಮಾತೂ ಸರಿ.

ಇವರು ನಮ್ಮ ಬಾಯನ್ನು ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದರು. ನಡೆದು ಮುಂದಿನ ಚಕ್ರದ ಹತ್ತಿರ ಹೋದರು. ಆ ಹಳೆಯ ಗಾಡಿಗಳಲ್ಲಿ ಮುಂದಿನ ಚಕ್ರದ ನಟ್ಟನಡುವೆ ಕೈಯಿಂದ ತಿರುಗಿಸುವ ಒಂದು ಬಿಲ್ಲೆ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಚಕ್ರ ಒಳಗಿನ ಅಚ್ಚಿಗೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕೆಸರು ಒಣಗಿ ಬಿಲ್ಲೆ ಕಾಣದ ಹಾಗೆ ಮುಚ್ಚಿತ್ತು. ಇವರು ಉಗುರಿನಿಂದ ಕೆರೆದರು, ವಸ್ತ್ರದಿಂದ ಒರೆಸಿದರು, ಆಚೆಯ ಚಕ್ರವನ್ನೂ ಒರೆಸಿ ನೋಡಿದರು. ಎರಡೂ ಕಚ್ಚಿಕೊಂಡೇ ಇದ್ದವು.

ಹೋಟೆಲಿನವರಿಗೆ ಆಗ ನೆನಪಾಯಿತು. ಮಳೆಗಾಲದಲ್ಲಿ ಖುಲ್ತಾಬಾದಿನ ಆಚೆ ಗಾಡಿ ಹೂತುಕೊಂಡಿತ್ತು. ಹಳ್ಳಿಯವರು ಬಂದು ಅದೇನೋ ತಿರುಗಿಸಿ, ಲಿವರು ಎಳೆಸಿ, ಮೇಲೆ ಹತ್ತಿಸಿದರು. ಲಿವರನ್ನು ಹೋಟೆಲಿನವರು ವಾಪಸು ಹಾಕಿದ್ದರು. ಚಕ್ರದ ಬಿಲ್ಲೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಇಲ್ಲಿಯ ತನಕ ಮುಂದಿನ ಚಕ್ರಗಳು ರಸ್ತೆಯ ಮೇಲೆ ಉರುಳುವಾಗೆಲ್ಲ ಆ ಸಣ್ಣ ಶಾಫ್ಟನ್ನು ಸುಮ್ಮನೆ ತಿರುಗಿಸುತ್ತ ಬಂದಿದ್ದವು. ವರ್ಷಗಟ್ಟಲೆ ತಿರುಗದ್ದು, ಗ್ರೀಸು ಕಾಣದ್ದು.

ಶಿಷ್ಯ ಲಿಫ್ಟನ್ನು ಸ್ವಲ್ಪ ಇಳಿಸಿದ. ಒಂದು ಚಕ್ರಕ್ಕೆ ತಾನು ನಿಂತ, ಇನ್ನೊಂದಕ್ಕೆ ಯಾರನ್ನೂ ಕರೆಯುವ ಮೊದಲೇ ಹೋಟೆಲಿನವರು ಬಿಳಿ ಅಂಗಿಯ ತೋಳು ಮಡಚಿ ಬಂದರು. ಇಬ್ಬರೂ ಒಟ್ಟಿಗೆ ಮುಂದಕ್ಕೆ ತಿರುಗಿಸಿದರು. ಮುಂದಿನ ಶಾಫ್ಟು ತಿರುಗಿತು. ಕೈಯಿಂದ ಅಷ್ಟು ನಿಧಾನ ತಿರುಗಿಸುವಾಗ ನನ್ನ ಕಿವಿಗೂ ಏನೂ ಸಿಗಲಿಲ್ಲ. ಇವರು ಬಗ್ಗಿ ಶಾಫ್ಟಿನ ತುದಿಯ ಕ್ರಾಸನ್ನು ಅಂಗೈಯಲ್ಲಿ ಹಿಡಿದುಕೊಂಡರು. ಮೂರು ಸುತ್ತು ಆಗುವ ತನಕ ಹಾಗೇ ಇದ್ದರು.

"ಇಲ್ಲದ," ಅಂದರು. "ಒಳಗ ಮರಳು ತುಂಬಿದಂಗ ಅದ. ಸೂಜಿ ಬೇರಿಂಗ್ ಪುಡಿ ಆಗ್ಯಾವ."

ಬಿಚ್ಚಿದಾಗ ಹಾಗೇ ಇತ್ತು. ಕೆಂಪು ತುಕ್ಕಿನ ಪುಡಿ ಸುರಿಯಿತು. ಹೊಸ ಕ್ರಾಸು ಹಾಕುವ ಮೊದಲು ಶಿಷ್ಯ ಎರಡೂ ಬಿಲ್ಲೆ ಬಿಡಿಸಿ ಗಾಡಿಯನ್ನು ಹೊರಗೆ ಓಡಿಸಿಕೊಂಡು ಬಂದ. ನನ್ನನ್ನು ಕೂಡಿಸಿಕೊಂಡೇ ಹೋಗಿದ್ದ. ಎಪ್ಪತ್ತರ ವೇಗದಲ್ಲೂ ಸಪ್ಪಳ ಇರಲಿಲ್ಲ. ವಾಪಸು ಬರುವಾಗ ಅವನು ಕೇಳಿದ, ಎರಡು ವರ್ಷ ಯಾಕೆ ಹೇಳಲಿಲ್ಲ ಕಾಕು ಎಂದು. ನೀನು ಗುರುವಿಗೆ ಎದುರು ಹೇಳುತ್ತೀಯಾ ಎಂದು ನಾನು ಕೇಳಿದೆ.

ಸಂಜೆ ಹೋಟೆಲಿನವರು ತಮ್ಮ ಗಾಡಿಯಲ್ಲೇ ನಮ್ಮನ್ನು ನಾಶಿಕಕ್ಕೆ ಕರೆತಂದರು. ಒಳ್ಳೆಯ ಮನುಷ್ಯ. ಆದರೆ ದಾರಿಯುದ್ದಕ್ಕೂ ಮಾತೆಲ್ಲ ನನ್ನ ಜೊತೆ. ಅಮ್ಮ, ಈ ಶಬ್ದ ಏನು, ಅಮ್ಮ, ಬ್ರೇಕು ಸರಿ ಉಂಟಾ. ಪಕ್ಕದಲ್ಲಿ ಇವರು ಕೂತಿದ್ದಾರೆ, ಅವರನ್ನು ಒಂದೂ ಕೇಳಲಿಲ್ಲ. ಕಿವಿ ಕೇಳದವನಿಗೆ ಬುದ್ಧಿಯೂ ಇರುವುದಿಲ್ಲ ಎಂಬ ಹಾಗೆ. ಇಷ್ಟಕ್ಕೇ ಇವರು ಎರಡು ವರ್ಷ ಹೆದರಿದ್ದು. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರು. ಅವರು ಹಣ ಕೊಡಲು ಹೋದಾಗ ಇವರು ನನಗೆ ಅಂದರು,

"ನೀ ಬಾಯಿ ಮುಚ್ಕೊಂಡಿದ್ರ ಏನಾಗ್ತಿತ್ತು?"

"ಗೇರ್‌ಬಾಕ್ಸ್ ಬಿಚ್ತಿದ್ರು," ಎಂದು ಕಿವಿಯ ಹತ್ತಿರ ಹೋಗಿ ಅಂದೆ.

ಚಹಾ ಕುಡಿದು ಮುಗಿಸಿದರು. "ಬಿಚ್ತಿದ್ರು," ಅಂದರು.

ಎಂಟು ದಿನ ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಕರೆದರೆ ಬಂದು ಉಣ್ಣುತ್ತಿದ್ದರು. ಸುದ್ದಿ ಹರಡಿತು. ಹೋಟೆಲಿನವರು ಕೆಟ್ಟದ್ದಕ್ಕೆ ಹೇಳಲಿಲ್ಲ, ನನ್ನನ್ನು ಹೊಗಳಲು ಹೇಳಿದರು, ಹೇಗೆ ಹೇಳಿದರೂ ಹರಡುವುದು ಅದೇ. ಹಳೆಯ ಗಿರಾಕಿಗಳಲ್ಲಿ ಇಬ್ಬರು ಆ ಮೇಲೆ ಬರಲೇ ಇಲ್ಲ. ಅವರ ಗಾಡಿಗಳು ನಮ್ಮ ಶೆಡ್ಡಿನ ಮುಂದೆಯೇ ಹೋಗುತ್ತವೆ, ಒಂದರ ಕ್ರೌನು ಅಳುವುದು ನನಗೆ ಅಡಿಗೆಮನೆಯಲ್ಲಿ ಕೇಳುತ್ತದೆ. ನಾನೇನು ಮಾಡಲಿ. ಶಿಷ್ಯ ಕಿವಿಯ ಮಷಿನಿಗೆ ಹಣ ಕೊಡುತ್ತೇನೆ ಎಂದು ಫೋನು ಮಾಡಿದ್ದ. ಬೇಡ, ನಾವೇ ತರುತ್ತೇವೆ ಅಂದೆ. ತಂದೆವು. ಹಾಕಿಕೊಂಡು ಶೆಡ್ಡಿಗೆ ಹೋದರೆ ಸುತ್ತಿಗೆಯ ಪೆಟ್ಟು ನೇರ ತಲೆಯೊಳಗೆ ಬೀಳುತ್ತದಂತೆ. ಅದನ್ನು ಊಟದ ಹೊತ್ತಿಗೆ ಮಾತ್ರ ಹಾಕಿಕೊಳ್ಳುತ್ತಾರೆ.

ಒಂಬತ್ತನೆಯ ದಿನವೋ ಹತ್ತನೆಯದೋ ಘೋಟಿಯ ಕಡೆಯಿಂದ ಒಬ್ಬ ಡ್ರೈವರು ಬಂದ. ಯಾತ್ರಿಕರನ್ನು ಒಯ್ಯುವ ದೊಡ್ಡ ಗಾಡಿ. ಇವರು ಪರೀಕ್ಷೆಗೆ ಹೊರಟು, ಮುಂದಿನ ಬಾಗಿಲು ತೆಗೆದು, ಒಂದು ಕಾಲು ಮೇಲಿಟ್ಟವರು ಕಾಲು ಕೆಳಗಿಟ್ಟರು. ಹಿಂದಿನ ಬಾಗಿಲಿನ ಹತ್ತಿರ ನಿಂತಿದ್ದ ನನ್ನನ್ನು ಕರೆದರು. ಕೇಳುವವಳು ಇವಳು, ಬಿಚ್ಚುವವನು ನಾನು, ಒಪ್ಪಿಗೆ ಇದ್ದರೆ ನಿಲ್ಲಿಸು, ಇಲ್ಲದಿದ್ದರೆ ಮುಂದೆ ಬೇರೆ ಗ್ಯಾರೇಜುಗಳಿವೆ ಎಂದು ಡ್ರೈವರಿಗೆ ಹಿಂದಿಯಲ್ಲಿ ಹೇಳಿದರು. ಡ್ರೈವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಹತ್ತಿ ಅಂದ.

ಆ ಗಾಡಿಯ ಪಾವಟಿಗೆ ನನ್ನ ಮೊಣಕಾಲಿಗಿಂತ ಎತ್ತರ. ಎರಡು ಸಲ ಯತ್ನಿಸಿ ಬಿಟ್ಟೆ. ಇವರು ಹಿಂದೆ ಬಂದು, ಗೋಣಿಚೀಲ ತಳ್ಳಿದ ಹಾಗೆ ಸೊಂಟಕ್ಕೆ ಕೈ ಕೊಟ್ಟು ಮೇಲೆ ನೂಕಿದರು. ನಾನೂ ಡ್ರೈವರೂ ಹೆದ್ದಾರಿಗೆ ಹತ್ತಿದೆವು. ಅರ್ಧ ಮೈಲು ಹೋಗುವುದರೊಳಗೆ ಮೂರನೇ ಗೇರು ತಾನಾಗಿ ಎರಡು ಸಲ ಹಾರಿ ನ್ಯೂಟ್ರಲ್ಲಿಗೆ ಬಿತ್ತು. ಅದಕ್ಕೆ ಕಿವಿ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಅವರೇ ಬರಬಹುದಾಗಿತ್ತು. ನನ್ನ ಮೊಣಕಾಲು ಸುಮ್ಮನೆ ಹಾಳು.

ವಾಪಸು ಬಂದು ಇಳಿದು ಇದನ್ನು ಹೇಳಲು ಹುಡುಕಿದರೆ ಹೊರಗೆ ಇರಲಿಲ್ಲ. ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಖಡ್ಡಾದಲ್ಲಿ ಇಳಿದು, ಗೇರ್‌ಬಾಕ್ಸು ಹೊರುವ ಜಾಕನ್ನು ಆಗಲೇ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದ್ದರು. ಹೊರಡುವಾಗ ಡ್ರೈವರನ ಎಡಗೈ, ಗೇರು ಹಾರದ ಹಾಗೆ, ಗೇರಿನ ಮೇಲೆ ಬಲವಾಗಿ ಒತ್ತಿದ್ದನ್ನು ನೋಡಿದ್ದರಂತೆ.